ಕನ್ನಡಿ, ಕುರ್ಚಿ, ಕ್ಷೌರಿಕ

ಮಾತು ಹುಟ್ಟುವ ಮುನ್ನವೇ ಇದ್ದವನೇ, ಮಾತು ಅಡಗಿದ ಮೇಲೂ ಉಳಿಯುವವನೇ, ಮೌನವೇ ಮೈಯಾದ ದೇವನೇ, ನಿನಗೆ ಶರಣು. ಕಲ್ಲಿನಲ್ಲಿ ಕೆತ್ತಿದ್ದನ್ನು ಯಾರಾದರೂ ಓದಿಯಾರು. ಕೆತ್ತದೆ ಬಿಟ್ಟದ್ದನ್ನು ಓದಬಲ್ಲವನು ನೀನೊಬ್ಬನೇ. ಮೇಲೆ ಕುಳಿತವನ ಭಾರವನ್ನು ಹೊತ್ತವನ ಹೆಗಲಿನಲ್ಲಿ ಅಳೆಯುವವನೇ, ಈ ಕಥೆಯನ್ನು ನಿನ್ನ ಪಾದದಲ್ಲಿಟ್ಟು ತೊಡಗುತ್ತೇನೆ. ಕೇಳುವವರಿಗೆ ನಗು ಬಂದರೆ ಅದು ನಿನ್ನ ಕೃಪೆ. ಸಿಟ್ಟು ಬಂದರೆ ಅದೂ ನಿನ್ನ ಕೃಪೆಯೇ. ಎರಡೂ ಒಟ್ಟಿಗೆ ಬಂದರೆ ನಾಲಗೆ ಪಾವನವಾಯಿತು.

ಚೌಕದ ನಡುವೆ ಒಂದು ಕರಿಯ ಕಲ್ಲು. ಮೂರಾಳೆತ್ತರ. ಅದರ ಮೇಲೆ ಯುದ್ಧದಲ್ಲಿ ಮಡಿದ ಇನ್ನೂರ ಹನ್ನೊಂದು ಸೈನಿಕರ ಹೆಸರು, ಹಿತ್ತಾಳೆಯ ಅಕ್ಷರಗಳಲ್ಲಿ. ಹೆಸರುಗಳ ಮೇಲೆ ಪಾರಿವಾಳಗಳು. ಪಾರಿವಾಳಗಳಿಗೆ ಹುದ್ದೆಯ ತಾರತಮ್ಯ ತಿಳಿಯದು. ಅವು ಕ್ಯಾಪ್ಟನ್ನನ ಮೇಲೂ ಹಿಕ್ಕೆ ಹಾಕಿದವು, ಸಿಪಾಯಿಯ ಮೇಲೂ ಹಿಕ್ಕೆ ಹಾಕಿದವು. ಆ ಚೌಕದಲ್ಲಿ ಸಮಾನತೆಯೆಂಬುದು ಇದ್ದದ್ದು ಅಷ್ಟರ ಮಟ್ಟಿಗೆ ಮಾತ್ರ.

ಹಿಕ್ಕೆ ಕೆರೆಯುವವಳು ಕಲ್ಲಜ್ಜಿ. ಕಲ್ಲು ತೊಳೆಯುತ್ತಿದ್ದುದರಿಂದ ಆ ಹೆಸರು. ಏಣಿ ಹತ್ತಬೇಕು. ಎಡಗೈಯಲ್ಲಿ ಏಣಿ, ಬಲಗೈಯಲ್ಲಿ ತಂತಿಯ ಬ್ರಷ್ಷು. ಒಣಗಿದ ಹಿಕ್ಕೆ ಸುಣ್ಣಕ್ಕಿಂತ ಗಟ್ಟಿ. ಅದು ಕಣ್ಣಿಗೆ ಬೀಳುತ್ತದೆ, ಬಾಯಿಗೆ ಬೀಳುತ್ತದೆ. ಉಗಿಯುವಂತಿಲ್ಲ, ಅದು ಪವಿತ್ರ ಸ್ಥಳ. ನುಂಗಬೇಕು. ಹಿತ್ತಾಳೆಗೆ ಹುಳಿ ಹಚ್ಚಿ ತಿಕ್ಕಬೇಕು. ಹುಳಿ ಬೆರಳ ಸಂದಿಗೆ ಇಳಿದು ಉರಿಯುತ್ತದೆ. ಕಲ್ಲಜ್ಜಿಗೆ ಓದು ಬರದು. ಆದರೆ ಮೂರನೆಯ ಸಾಲಿನ ಕ್ಯಾಪ್ಟನ್ನನ ಹೆಸರು ಅವಳ ಬೆರಳಿಗೆ ಬಾಯಿಪಾಠವಾಗಿತ್ತು.

ಅದಕ್ಕೆ ಕಾರಣವಿತ್ತು. ಏಳು ವರ್ಷದ ಹಿಂದೆ, ಗಡಿಯ ಬೆಟ್ಟದ ಮೇಲೆ, ಬೆಳಗಿನ ಎಂಟು ಗಂಟೆಗೆ, ಆ ಕ್ಯಾಪ್ಟನ್ ಗಡ್ಡ ಮಾಡಿಸಿಕೊಳ್ಳುತ್ತಿದ್ದ. ಗಡ್ಡ ಮಾಡುತ್ತಿದ್ದವನು ಕಲ್ಲಜ್ಜಿಯ ಮಗ, ಪಡೆಯ ಕ್ಷೌರಿಕ. ಅರ್ಧ ಮುಖ ಆಗಿತ್ತು. ಒಂದು ಶೆಲ್ ಬಿತ್ತು. ಶೆಲ್ಲು ಯಾರ ಕೈಯಲ್ಲಿ ಏನಿದೆಯೆಂದು ನೋಡಲಿಲ್ಲ. ಇಬ್ಬರೂ ಹೋದರು.

ಕ್ಯಾಪ್ಟನ್ ಕಲ್ಲಿಗೆ ಏರಿದ. ಕ್ಷೌರಿಕ ಏರಲಿಲ್ಲ. ಕಲ್ಲಜ್ಜಿ ಕಚೇರಿಯಿಂದ ಕಚೇರಿಗೆ ತಿರುಗಿದಳು. ಮೂರು ವರ್ಷದ ನಂತರ ಉತ್ತರ ಬಂತು. ಮೋರಿ ತೆಗೆಯುವ ಮೋರಿಯಣ್ಣನಿಗೆ ಅಕ್ಷರ ಬರುತ್ತಿತ್ತು. ಅವನೇ ಓದಿದ.

"ಅಜ್ಜಿ, ಇದು ನಷ್ಟವಾದ ಸಾಮಗ್ರಿಗಳ ಪಟ್ಟಿ."

"ನನ್ನ ಮಗ ಎಲ್ಲಿದಾನೆ ಅದ್ರಲ್ಲಿ?"

"ಇದಾನೆ. ಹದಿನಾಲ್ಕು, ಕನ್ನಡಿ. ಹದಿನೈದು, ಕುರ್ಚಿ. ಹದಿನಾರು, ಕ್ಷೌರಿಕ."

ಕಲ್ಲಜ್ಜಿ ಆ ಸಾಲಿನ ಮೇಲೆ ಬೆರಳಿಟ್ಟಳು.

"ಕುರ್ಚಿ ಆದ್ಮೇಲಾ?"

"ಹೂಂ. ಕುರ್ಚಿ ಆದ್ಮೇಲೆ."

ಆ ಕಾಗದವನ್ನು ಅವಳು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ಅದು ಅಲ್ಲಿಯೇ ಇತ್ತು.

ವರ್ಷಕ್ಕೊಮ್ಮೆ ಆ ಚೌಕದಲ್ಲಿ ಸ್ಮರಣೆ ಮತ್ತು ಪ್ರಾರ್ಥನೆಯ ರಾಷ್ಟ್ರೀಯ ದಿನ ನಡೆಯುತ್ತಿತ್ತು. ಅದರ ಹೊಣೆ ಹೊತ್ತ ಅಧಿಕಾರಿಯನ್ನು ಎಲ್ಲರೂ ಗಡಿಯಾರಪ್ಪ ಎನ್ನುತ್ತಿದ್ದರು. ಎರಡು ಮಣಿಕಟ್ಟಿಗೂ ಒಂದೊಂದು ಗಡಿಯಾರ. ಕೊರಳಿನಲ್ಲಿ ಮೂರನೆಯದು. ಮೂರೂ ಒಂದೇ ಸಮಯ ತೋರಿಸಿದ ದಿನ ಅವನಿಗೆ ಊಟ ರುಚಿಸುತ್ತಿತ್ತು.

ದೊಡ್ಡವರು ತಾಲೀಮಿಗೆ ಬರುವುದಿಲ್ಲ. ಆದ್ದರಿಂದ ತಾಲೀಮಿನಲ್ಲಿ ದೊಡ್ಡವರ ಜಾಗದಲ್ಲಿ ಪೌರಕಾರ್ಮಿಕರನ್ನು ನಿಲ್ಲಿಸುವುದು ಪದ್ಧತಿ. ಕೊರಳಿಗೊಂದು ರಟ್ಟು. ಮೋರಿಯಣ್ಣನ ರಟ್ಟಿನ ಮೇಲೆ 'ಮಂತ್ರಿ'. ಕಲ್ಲಜ್ಜಿಯ ರಟ್ಟಿನ ಮೇಲೆ 'ಹುತಾತ್ಮನ ತಾಯಿ'. ಕಸದ ಗಾಡಿಯ ಮೂವರು ಸೇನಾಧಿಪತಿಗಳಾಗುತ್ತಿದ್ದರು. ದೇಶವನ್ನು ಹೀಗೆ ವರ್ಷಕ್ಕೆ ಮೂರು ಬೆಳಗ್ಗೆ ಅವರು ಆಳುತ್ತಿದ್ದರು. ಯಾವ ದೂರೂ ಬಂದಿರಲಿಲ್ಲ.

"ಮಂತ್ರಿಗಳೇ, ಬೆನ್ನು ಬಗ್ಗಿಸಬೇಡಿ," ಎನ್ನುತ್ತಿದ್ದ ಗಡಿಯಾರಪ್ಪ.

"ಮೋರಿಗೆ ಇಳಿದೂ ಇಳಿದೂ ಹೀಗಾಗಿದೆ ಸಾರ್. ನೆಟ್ಟಗೆ ನಿಂತ್ರೆ ತಲೆ ಸುತ್ತತ್ತೆ."

"ಒಂದು ಗಂಟೆ ಮಂತ್ರಿ ಆಗೋಕೆ ಆಗಲ್ವೇನಯ್ಯ ನಿನಗೆ?"

"ಆಗ್ತೀನಿ. ಅಷ್ಟು ಹೊತ್ತು ಅವರು ಮೋರಿಗೆ ಇಳೀತಾರಾ ಕೇಳಿ."

ಈ ವರ್ಷದ ಕೊನೆಯ ತಾಲೀಮಿನಲ್ಲಿ ಕಲ್ಲಜ್ಜಿ ಅತ್ತಳು. ಅಳುವುದು ಕಾರ್ಯಕ್ರಮದಲ್ಲಿಯೇ ಇತ್ತು. ಗಡಿಯಾರಪ್ಪ ಗುಂಡಿಯೊತ್ತಿ ಅಳೆದ.

"ಹದಿನೇಳು ಸೆಕೆಂಡು. ಅಳು ಹನ್ನೆರಡು ಅಂತ ಹೇಳಿದೀನಿ. ಐದು ಸೆಕೆಂಡು ಹೆಚ್ಚು ಅತ್ರೆ ಮಂತ್ರಿಗಳ ವಿಮಾನ ತಪ್ಪತ್ತೆ."

"ಮಗ ನೆನಪಾದ ಸಾರ್."

"ನಿನ್ನ ಮಗನ್ನ ಯಾಕೆ ನೆನಪು ಮಾಡ್ಕೋತೀಯ? ನೀನು ಅಳಬೇಕಾದ್ದು ಕ್ಯಾಪ್ಟನ್ನಿಗೆ."

ಕಲ್ಲಜ್ಜಿ ಕಣ್ಣೊರೆಸಿಕೊಂಡು ಹನ್ನೆರಡು ಸೆಕೆಂಡು ಕ್ಯಾಪ್ಟನ್ನಿಗೆ ಅತ್ತಳು. ಕೂಡಿದ ಜನರೆಲ್ಲ ಲೆಕ್ಕ ಸರಿಯಾಯಿತೆಂದು ತಲೆಯಾಡಿಸಿದರು.

ಇನ್ನು ಸೈರನ್ನಿನ ವಿಚಾರ. ಕಲ್ಲಿನ ಕೆಳಗೆ ನೆಲಮಾಳಿಗೆಯಂಥ ಒಂದು ಗೂಡು. ಅದರಲ್ಲಿ ಕಲ್ಲಜ್ಜಿಯ ಬಕೆಟ್ಟು, ಏಣಿ, ಬ್ರಷ್ಷು. ಮೂಲೆಯಲ್ಲಿ ಕೈಯಿಂದ ತಿರುಗಿಸುವ ಹಳೆಯ ಯುದ್ಧಕಾಲದ ಸೈರನ್. ಹನ್ನೊಂದು ಗಂಟೆಗೆ ಅದು ಕೂಗಿದರೆ ದೇಶ ಎದ್ದು ನಿಲ್ಲಬೇಕು. ಎರಡು ನಿಮಿಷದ ಮೇಲೆ ಮತ್ತೆ ಕೂಗಿದರೆ ಕದಲಬಹುದು. ರೇಡಿಯೋ ಆ ಕೂಗನ್ನು ಊರೂರಿಗೆ ಒಯ್ಯುತ್ತಿತ್ತು. ಸೈರನ್ನಿಗೆ ತುಕ್ಕು ಹಿಡಿದಿತ್ತು. ಎಡಬದಿಗೆ ಎರಡು ಸಲ ಒದೆಯಬೇಕು, ಹಿಡಿಯನ್ನು ಅರ್ಧ ಸುತ್ತು ಹಿಂದಕ್ಕೆ ಎಳೆಯಬೇಕು, ಆಮೇಲೆ ಮೈಭಾರ ಹಾಕಿ ತಿರುಗಿಸಬೇಕು. ಈ ಮರ್ಮ ಕಲ್ಲಜ್ಜಿಗೆ ಮಾತ್ರ ಗೊತ್ತಿತ್ತು. ದೇಶದ ಮೌನವು ಒಬ್ಬ ಮುದುಕಿಯ ಹಿಮ್ಮಡಿಯಲ್ಲಿದೆ ಎಂಬುದು ಯಾವ ಕಡತದಲ್ಲಿಯೂ ಇರಲಿಲ್ಲ.

ಹಿಂದಿನ ವರ್ಷ ಒಬ್ಬ ಉಪಮಂತ್ರಿ ಮೌನದ ನಡುವೆ ಮೂಗು ಕೆರೆದುಕೊಂಡಿದ್ದ. ಪತ್ರಿಕೆಯವರು ಆ ಬೆರಳಿನ ಚಿತ್ರ ಅಚ್ಚು ಹಾಕಿದರು. ಹುತಾತ್ಮರಿಗೆ ಅವಮಾನವೆಂದು ಕೂಗೆದ್ದಿತು. ಮೂಗು ಉಳಿಯಿತು, ಪದವಿ ಹೋಯಿತು. ಅದಕ್ಕೇ ಈ ವರ್ಷ ಗಡಿಯಾರಪ್ಪ ಹೊಸ ನಿಯಮ ತಂದು, ತಾಲೀಮಿನಲ್ಲಿ ಗಟ್ಟಿಯಾಗಿ ಓದಿಸಿದ: ಎರಡನೆಯ ಸೈರನ್ ಕೂಗುವವರೆಗೆ ಯಾರೂ ಕದಲಕೂಡದು, ಮಾತಾಡಕೂಡದು, ಕದಲಿದವನು ದೇಶದ್ರೋಹಿ.

ಕಲ್ಲಜ್ಜಿಯ ಕಿವಿ ಚುರುಕಾಗಿತ್ತು.

ಸ್ಮರಣೆಯ ದಿನ ಅವಳು ಬೆಳಕು ಹರಿಯುವ ಮೊದಲೇ ಬಂದು ಕಲ್ಲು ತೊಳೆದಳು. ಮೂರನೆಯ ಸಾಲನ್ನು ಎರಡು ಸಲ ತಿಕ್ಕಿದಳು. ಗೂಡಿನಲ್ಲಿ ಒಗೆದ ಬಟ್ಟೆ ಉಟ್ಟಳು. ತಲೆ ಬಾಚಿದಳು. ಹೋಗಿ ಗಡಿಯಾರಪ್ಪನ ಮುಂದೆ ನಿಂತಳು.

"ಸಾರ್, ಆರು ವರ್ಷ ತಾಲೀಮಲ್ಲಿ ಸುಳ್ಳು ಸುಳ್ಳೇ ಹುತಾತ್ಮನ ತಾಯಿ ಕುರ್ಚಿ ಮೇಲೆ ಕೂತೆ. ಇವತ್ತು ನಿಜಕ್ಕೂ ಕೂತ್ಕೋಬೇಕು ಅನ್ಸತ್ತೆ. ಮೊದಲನೇ ಸಾಲಿನ ಕೊನೇಲಿ ಒಂದು ಖಾಲಿ ಇದೆ."

"ಅದು ಖಾಲಿ ಇಲ್ಲ."

ಕಲ್ಲಜ್ಜಿ ತಿರುಗಿ ನೋಡಿದಳು. ಕ್ಯಾಪ್ಟನ್ನನ ತಾಯಿ ಬಂದಿದ್ದರು. ಬಿಳಿಯ ಉಡುಗೆ, ಬಿಳಿಯ ಕೂದಲು. ಪಕ್ಕದ ಕುರ್ಚಿಯ ಮೇಲೆ ಅವರ ಕೈಚೀಲ ಕುಳಿತಿತ್ತು.

"ಅದು ಚೀಲ ಸಾರ್."

"ಚೀಲವೇ. ಆದ್ರೆ ಹುತಾತ್ಮರ ತಾಯಿಯ ಚೀಲ. ನಿನ್ನ ಮಗ ಸೈನಿಕ ಅಲ್ಲ. ಅವನ ಕೈಯಲ್ಲಿ ಇದ್ದದ್ದು ಬಂದೂಕಲ್ಲ, ಕತ್ತಿ. ಗಡ್ಡದ ಕತ್ತಿ. ಈಗ ಗೂಡಿಗೆ ಹೋಗು. ಮೊದಲನೇ ಸೈರನ್, ಎರಡನೇ ಸೈರನ್. ಆಚೆ ಮುಖ ತೋರಿಸಬೇಡ. ಕ್ಯಾಮೆರಾದಲ್ಲಿ ಪೊರಕೆ ಕಾಣಬಾರದು."

"ನನ್ನ ಕೈಯಲ್ಲಿ ಪೊರಕೆ ಇಲ್ಲ ಸಾರ್."

"ನೀನಿದೀಯಲ್ಲ. ಸಾಕು."

ಕಲ್ಲಜ್ಜಿ ಗೂಡಿಗೆ ಇಳಿದಳು.

ಹನ್ನೊಂದು ಹೊಡೆಯಿತು. ಎರಡು ಒದೆ. ಅರ್ಧ ಸುತ್ತು. ಸೈರನ್ ಕೂಗಿತು. ಚೌಕ ಎದ್ದು ನಿಂತಿತು. ಮಂತ್ರಿ ತಲೆ ಬಾಗಿಸಿದ. ಸೇನಾಧಿಪತಿಗಳು ಕೈಯನ್ನು ಹಣೆಗೆ ಒಯ್ದರು. ಮೈಕಿನ ಮುಂದೆ ಪ್ರಾರ್ಥನೆ ಓದುವ ಹಿರಿಯರು ಕಣ್ಣು ಮುಚ್ಚಿದರು. ದೇಶವೆಲ್ಲ ನಿಂತಿತು. ಹೆದ್ದಾರಿಯಲ್ಲಿ ಬಸ್ಸು ನಿಂತಿತು. ಒಂದು ಬೀದಿಯಲ್ಲಿ ಕಳ್ಳ ನಿಂತ, ಅವನನ್ನು ಅಟ್ಟಿಸಿಕೊಂಡು ಬರುತ್ತಿದ್ದ ಪೊಲೀಸನೂ ನಿಂತ. ಇಬ್ಬರ ನಡುವೆ ಮೂರು ಮೊಳ ಅಂತರ. ಒಂದು ಕ್ಷೌರದಂಗಡಿಯಲ್ಲಿ ಅರ್ಧ ನೊರೆಯ ಮುಖದ ಗಿರಾಕಿಯೊಬ್ಬ ಎದ್ದು ನಿಂತ.

ಎರಡು ನಿಮಿಷ ಆಯಿತು. ಎರಡನೆಯ ಸೈರನ್ ಕೂಗಲಿಲ್ಲ.

ಗಡಿಯಾರಪ್ಪ ಕಣ್ಣುಗುಡ್ಡೆ ಮಾತ್ರ ಇಳಿಸಿ ಎಡಗೈ ನೋಡಿದ. ಬಲಗೈ ನೋಡಿದ. ಎರಡೂ ಒಂದೇ ಹೇಳಿದವು. ಎದೆಯ ಮೇಲಿನದನ್ನು ನೋಡಬೇಕಾದರೆ ಕತ್ತು ಬಗ್ಗಿಸಬೇಕು. ಬಗ್ಗಿಸುವಂತಿರಲಿಲ್ಲ.

ಮೂರು ನಿಮಿಷ. ಐದು ನಿಮಿಷ. ಪಾರಿವಾಳವೊಂದು ಹಾರಿ ಬಂದು ಮಂತ್ರಿಯ ತಲೆಯ ಮೇಲೆ ಕುಳಿತಿತು. ಸುತ್ತ ನೋಡಿತು. ಚೌಕದಲ್ಲಿ ಹೊಸ ಕಲ್ಲು ನಿಲ್ಲಿಸಿದ್ದಾರೆಂದು ಭಾವಿಸಿತು. ಕಲ್ಲಿನ ಮೇಲೆ ಏನು ಮಾಡುವ ಅಭ್ಯಾಸವೋ ಅದನ್ನೇ ಮಾಡಿತು. ಮಂತ್ರಿ ಕದಲಲಿಲ್ಲ. ಹನಿಯೊಂದು ಹಣೆಯಿಂದ ಮೂಗಿಗೆ ಇಳಿಯಿತು. ಮೂಗು. ಉಪಮಂತ್ರಿಯ ಗತಿ ಅವನಿಗೆ ನೆನಪಿತ್ತು. ಕಣ್ಣಿನಲ್ಲಿ ನೀರು ಬಂತು. ಟೀವಿಯವರು ಆ ಕಣ್ಣೀರನ್ನು ಹತ್ತಿರದಿಂದ ತೋರಿಸಿದರು. ಇಂಥ ದೇಶಪ್ರೇಮಿಯನ್ನು ಕಂಡಿಲ್ಲವೆಂದು ಜನ ಮನೆಮನೆಯಲ್ಲಿ, ನಿಂತಲ್ಲೇ, ಮನಸ್ಸಿನಲ್ಲೇ ಅಂದುಕೊಂಡರು.

ಎಂಟನೆಯ ನಿಮಿಷಕ್ಕೆ ಗೂಡಿನ ಬಾಗಿಲು ತೆರೆಯಿತು. ಕಲ್ಲಜ್ಜಿ ಮೇಲೆ ಬಂದಳು. ಕೈಯಲ್ಲಿ ಸೈರನ್ನಿನ ಹಿಡಿ. ಬಿಚ್ಚಿಕೊಂಡು ಬಂದಿದ್ದಳು. ಲಕ್ಷ ಜನ ನಿಂತ ಚೌಕದಲ್ಲಿ ಕದಲುತ್ತಿದ್ದುದು ಒಂದು ಪಾರಿವಾಳ, ಒಬ್ಬಳು ಮುದುಕಿ. ಅವಳಿಗೆ ಅವಸರವಿರಲಿಲ್ಲ. ಮೊಣಕಾಲು ನೋಯುತ್ತಿತ್ತು. ಕುಂಟುತ್ತ ನಡೆದಳು.

ಗಡಿಯಾರಪ್ಪ ತುಟಿ ಅಲುಗಿಸದೆ ಹಲ್ಲಿನ ಸಂದಿಯಿಂದ ನುಡಿದ. "ಅಜ್ಜಿ. ಸೈರನ್."

"ಮೌನದಲ್ಲಿ ಮಾತಾಡಬಾರದು ಸಾರ್. ನೀವೇ ಓದಿಸಿದ್ದು."

"ಕೂಗಿಸು. ಕೈ ಮುಗೀತೀನಿ."

"ಮುಗೀಬೇಡಿ. ಕೈ ಕದಲತ್ತೆ."

ಹಗ್ಗದಾಚೆ ನಿಂತ ಮೋರಿಯಣ್ಣ ನಗು ತಡೆಯಲು ಕೆನ್ನೆ ಕಚ್ಚಿಕೊಂಡ. ಅವನ ಮೈಯೆಲ್ಲ ಅಲುಗಿತು. ನೋಡಿದವರು ದುಃಖವೆಂದುಕೊಂಡರು. ಕಾವಲಿನ ಸೈನಿಕರು ಬಂದೂಕು ಹಿಡಿದು ಕಂಬವಾಗಿದ್ದರು. ಅವರಿಗೆ ಆಜ್ಞೆ ಕೊಡಬೇಕಾದವರ ಕೈ ಹಣೆಯಲ್ಲಿ ಸಿಕ್ಕಿಕೊಂಡು ನಡುಗುತ್ತಿತ್ತು. ಆ ನಡುಕವನ್ನು ಕಲ್ಲಜ್ಜಿ ಗುರುತಿಸಿದಳು. ಏಣಿಯ ಮೇಲೆ ಅವಳ ಕೈ ದಿನವೂ ಹಾಗೆಯೇ ನಡುಗುತ್ತಿತ್ತು.

ಮೊದಲ ಸಾಲಿನ ಕೊನೆಗೆ ಬಂದಳು. ಚೀಲದ ಮುಂದೆ ನಿಂತಳು. ಮುಟ್ಟಲಿಲ್ಲ. ಮುಟ್ಟಿದ್ದರೆ ಕಳ್ಳಿ ಎನ್ನುತ್ತಿದ್ದರು.

"ಅಮ್ಮಾ," ಎಂದಳು. ಮೈಕು ತೆರೆದೇ ಇತ್ತು. ಆ ಮಾತು ದೇಶಕ್ಕೆಲ್ಲ ಕೇಳಿತು. "ನಿಮ್ಮ ಚೀಲ ತೆಗೀತೀರಾ? ನಾನು ಕೂತ್ಕೋಬೇಕು."

ಕ್ಯಾಪ್ಟನ್ನನ ತಾಯಿ ತಲೆ ಎತ್ತಲಿಲ್ಲ. "ಯಾರು ನೀನು?"

"ನಿಮ್ಮ ಮಗನಿಗೆ ಗಡ್ಡ ಮಾಡ್ತಿದ್ದೋನ ತಾಯಿ."

ಬಹಳ ಹೊತ್ತು ಏನೂ ಆಗಲಿಲ್ಲ. ಆ ದಿನದ ಮೌನಗಳಲ್ಲಿ ನಿಜವಾದದ್ದು ಅದೊಂದೇ.

ಆಮೇಲೆ ಕ್ಯಾಪ್ಟನ್ನನ ತಾಯಿ ತಲೆ ಎತ್ತಿದರು. ಕದಲಬಾರದೆಂಬ ನಿಯಮವೂ ಮುರಿಯಿತು. ಯಾರೂ ಅವರನ್ನು ದ್ರೋಹಿ ಎನ್ನುವಂತಿರಲಿಲ್ಲ.

"ಅವನನ್ನ ಮನೆಗೆ ತಂದಾಗ ಬಲಗೆನ್ನೆ ನುಣ್ಣಗಿತ್ತು," ಎಂದರು. "ಎಡಗೆನ್ನೆ ಮೇಲೆ ಗಡ್ಡ ಹಾಗೇ ಇತ್ತು. ನಾನೇ ಕೈಯಾಡಿಸಿ ನೋಡಿದೆ. ಏಳು ವರ್ಷದಿಂದ ಎಲ್ಲರನ್ನೂ ಕೇಳಿದೆ, ಯಾಕೆ ಹಾಗಿತ್ತು ಅಂತ. ಯಾರೂ ಹೇಳಲಿಲ್ಲ."

"ಬಲಗೆನ್ನೆ ಮೇಲೆ ಗೀರಿತ್ತಾ ಅಮ್ಮಾ?"

"ಒಂದೂ ಇರಲಿಲ್ಲ."

"ಅವನ ಕೈ ಅಂಥದ್ದು," ಎಂದಳು ಕಲ್ಲಜ್ಜಿ.

ಕ್ಯಾಪ್ಟನ್ನನ ತಾಯಿ ಚೀಲವನ್ನೆತ್ತಿ ನೆಲದ ಮೇಲಿಟ್ಟರು. ಕಲ್ಲಜ್ಜಿ ಕುಳಿತಳು. ಕುರ್ಚಿ ಮೆತ್ತಗಿತ್ತು. ತಾಲೀಮಿನಲ್ಲಿ ಮೆತ್ತೆ ಹಾಕುತ್ತಿರಲಿಲ್ಲ.

ಅವಳು ಅತ್ತಳು. ಯಾರೂ ಅಳೆಯಲಿಲ್ಲ. ಅಳೆಯುವವನ ಹೆಬ್ಬೆರಳು ಗುಂಡಿಯಿಂದ ಒಂದು ಗೇಣು ದೂರದಲ್ಲಿ ಮರಗಟ್ಟಿತ್ತು.

ಹದಿನಾಲ್ಕನೆಯ ನಿಮಿಷಕ್ಕೆ ಗಡಿಯಾರಪ್ಪನ ಹಲ್ಲಿನ ಸಂದಿಯಿಂದ ಮತ್ತೆ ಸ್ವರ ಬಂತು. "ಕೂತಾಯ್ತಲ್ಲ. ಈಗಲಾದ್ರೂ ಸೈರನ್ ಕೂಗಿಸು ತಾಯಿ."

"ನಾನೀಗ ಮೊದಲನೇ ಸಾಲಿನೋಳು ಸಾರ್. ಮೊದಲನೇ ಸಾಲಿನೋರು ಸೈರನ್ ತಿರುಗಿಸೋದುಂಟಾ?" ಅವಳು ಹಿಡಿಯನ್ನು ಮುಂದೆ ಚಾಚಿದಳು. "ತಗೊಳ್ಳಿ. ಬಕೆಟ್ಟು ಅಲ್ಲೇ ಬಾಗಿಲಲ್ಲಿದೆ, ಎಡವಬೇಡಿ."

ಗಡಿಯಾರಪ್ಪ ಮಂತ್ರಿಯ ಕಡೆ ಕಣ್ಣು ಹೊರಳಿಸಿದ. ಮಂತ್ರಿ ಬೆಳಿಗ್ಗೆ ಮೂರು ಲೋಟ ನೀರು ಕುಡಿದಿದ್ದ. ಅವನ ಎರಡು ಮಂಡಿಗಳೂ ಒಂದನ್ನೊಂದು ಅಪ್ಪಿಕೊಂಡಿದ್ದವು. ಅವನ ಕಣ್ಣು ಹೇಳಿತು: ಹೋಗು.

ಗಡಿಯಾರಪ್ಪ ಹೋದ. ಬಕೆಟ್ಟನ್ನು ಎಡವಿದ. ಆ ಸದ್ದು ರೇಡಿಯೋದಲ್ಲಿ ಬಂತು. ಹಿಡಿ ಸಿಕ್ಕಿಸಿ ತಿರುಗಿಸಿದ. ಸೈರನ್ ಗಂಟಲು ಕೆಟ್ಟ ಎಮ್ಮೆಯಂತೆ ಒಂದು ಸಲ ನರಳಿ ಸುಮ್ಮನಾಯಿತು. ದೇಶದ ಅರ್ಧ ಜನ ಕದಲಿದರು, ಗಾಬರಿಯಾಗಿ ಮತ್ತೆ ನಿಂತರು. ಕಳ್ಳ ಎರಡು ಹೆಜ್ಜೆ ಓಡಿ ನಿಂತ.

"ಒದೀಬೇಕು ಸಾರ್," ಎಂದಳು ಕಲ್ಲಜ್ಜಿ, ಕುರ್ಚಿಯಿಂದಲೇ.

"ಎಲ್ಲಿಗೆ?" ಗೂಡಿನೊಳಗಿಂದ ಅಳುವ ದನಿ.

"ಎಡಕ್ಕೆ. ಎರಡು ಸಲ. ಆಮೇಲೆ ಅರ್ಧ ಸುತ್ತು ಹಿಂದಕ್ಕೆ. ನಾಜೂಕು ಮಾಡಬೇಡಿ, ಮೈಭಾರ ಹಾಕಿ. ಅನ್ನ ತಿಂದಿಲ್ವಾ?"

ಒಂದು ಒದೆ ಕೇಳಿಸಿತು. "ಅಯ್ಯೋ" ಎಂದದ್ದು ಕೇಳಿಸಿತು. ಎರಡನೆಯ ಒದೆ ಕೇಳಿಸಿತು. ಅಂಗೈ ಸುಲಿದು, ಹೆಗಲು ಹಿಡಿದು, ಬೆವರು ಕಣ್ಣಿಗಿಳಿದು, ಹತ್ತೊಂಬತ್ತನೆಯ ನಿಮಿಷಕ್ಕೆ ಸೈರನ್ ಕೂಗಿತು. ಮಂತ್ರಿ ಯಾರಿಗೂ ವಂದಿಸದೆ ಓಡಿದ. ಪ್ರಾರ್ಥನೆಯ ಹಿರಿಯರು ಕಣ್ಣು ತೆರೆದು ಕಾಗದ ಎತ್ತಿದರು. 'ಆಯುಧ ಹಿಡಿದು ಮಡಿದವರಿಗೆ ಶಾಂತಿ' ಎಂದಿತ್ತು. ಅವರು ಕುರ್ಚಿಯ ಕಡೆ ನೋಡಿದರು. 'ಮಡಿದವರಿಗೆ ಶಾಂತಿ' ಎಂದಷ್ಟೇ ಓದಿದರು.

ಮರುದಿನ ಕಲ್ಲಜ್ಜಿಯ ಕೆಲಸ ಹೋಯಿತು. ಆದೇಶದಲ್ಲಿ ಬರೆದ ಕಾರಣ: ಮೌನದ ದುರುಪಯೋಗ.

ಬ್ರಷ್ಷು ಮುಟ್ಟಲು ಬೇರೆ ಯಾರೂ ಒಪ್ಪಲಿಲ್ಲ. "ಅದು ಅಜ್ಜಿ ಕಲ್ಲು," ಎಂದ ಮೋರಿಯಣ್ಣ. "ರಟ್ಟನ್ನೂ ಹಾಕ್ಕೊಳ್ಳಲ್ಲ. ಮಂತ್ರಿಗಿರಿಗೆ ನಂದು ರಾಜೀನಾಮೆ." ಹನ್ನೊಂದು ತಿಂಗಳಲ್ಲಿ ಕಲ್ಲು ಬೆಳ್ಳಗಾಯಿತು. ಇನ್ನೂರ ಹನ್ನೊಂದು ಹೆಸರುಗಳೂ ಮುಚ್ಚಿಹೋದವು. ವಿದ್ಯುತ್ತಿನ ಹೊಸ ಸೈರನ್ ತಂದರು. ಪಾರಿವಾಳ ಅದರ ಗುಂಡಿಯ ಮೇಲೆ ಕುಳಿತಾಗಲೆಲ್ಲ ಅದು ಕೂಗಿತು. ಒಂದೇ ವಾರದಲ್ಲಿ ಊರು ನಾಲ್ಕು ಸಲ ಎದ್ದು ನಿಂತಿತು. ಹಲ್ಲಿನ ವೈದ್ಯನೊಬ್ಬ ಇಕ್ಕಳ ಹಿಡಿದ ಕೈಯಲ್ಲೇ ನಿಂತ. ಇಕ್ಕಳದಲ್ಲಿ ಹಲ್ಲು ಸಿಕ್ಕಿದವನು ಸರ್ಕಾರಕ್ಕೆ ದೂರು ಕೊಟ್ಟ. ಹಳೆಯ ಸೈರನ್ನೇ ಗತಿಯೆಂದಾಯಿತು, ಸ್ಮರಣೆಯ ದಿನಕ್ಕೆ ಒಂದೇ ತಿಂಗಳಿತ್ತು.

ಗಡಿಯಾರಪ್ಪ ಕಲ್ಲಜ್ಜಿಯ ಮನೆ ಹುಡುಕಿಕೊಂಡು ಬಂದ. ಒಂದೇ ಕೋಣೆ. ಗೋಡೆಯಲ್ಲಿ ಒಂದು ಕನ್ನಡಿ. ಬಾಗಿಲ ಬಳಿ ಮಗನ ಹಳೆಯ ಕ್ಷೌರದ ಕುರ್ಚಿ. ಕೂರಲು ಬೇರೇನೂ ಇರಲಿಲ್ಲ. ಅವನು ಅದರಲ್ಲಿಯೇ ಕುಳಿತ. ಕನ್ನಡಿಯಲ್ಲಿ ಅವನ ಮುಖ ಕಂಡಿತು. ಗಡ್ಡ ಬಂದಿತ್ತು.

"ಮೆತ್ತೆ ಇಲ್ಲ," ಎಂದಳು ಕಲ್ಲಜ್ಜಿ. "ಸುಧಾರಿಸ್ಕೊಳ್ಳಿ."

"ಏನು ಬೇಕು ನಿನಗೆ? ಹೇಳು. ಕೆಲಸ ವಾಪಸ್ ಬೇಕಾ?"

ಅವಳು ಸೊಂಟದಿಂದ ಕಾಗದ ತೆಗೆದು ಅವನ ಮಡಿಲಲ್ಲಿ ಬಿಡಿಸಿಟ್ಟಳು. ಮಡಿಕೆಗಳಲ್ಲಿ ಅದು ಹರಿದಿತ್ತು.

"ಕನ್ನಡಿ ಇಟ್ಕೊಳ್ಳಿ. ಕುರ್ಚಿ ಇಟ್ಕೊಳ್ಳಿ. ಹದಿನಾರನೇದು ನಂದು. ಅದನ್ನ ಈ ಪಟ್ಟಿಯಿಂದ ಹೊಡೆದುಹಾಕಿ ಕಲ್ಲಿಗೆ ಹಾಕಿ."

ಗಡಿಯಾರಪ್ಪ ತಲೆ ಕೆರೆದುಕೊಂಡ. ಮೇಲಿನವರನ್ನು ಕೇಳಲು ಹೋದ. ಮೂರು ದಿನ ಬಿಟ್ಟು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕುಳಿತ.

"ಒಪ್ಪಿದ್ರು. ಆದ್ರೆ ಕ್ಷೌರಿಕ ಅಂತ ಬೇಡ ಅಂತಾರೆ. ಕಲ್ಲಿಗೆ ಶೋಭೆ ಇರಲ್ವಂತೆ. ಸಿಪಾಯಿ ಅಂತ ಕೆತ್ತಿಸ್ತಾರಂತೆ. ಬಡ್ತಿ ಕೊಟ್ಟ ಹಾಗೇ ಆಯ್ತಲ್ಲ."

"ಬೇಡ."

"ಅಜ್ಜಿ, ಸಿಪಾಯಿ ಅಂದ್ರೆ ಗೌರವ."

"ಸಿಪಾಯಿಗೆ ಗೌರವ. ನನ್ನ ಮಗ ಸಿಪಾಯಿ ಅಲ್ಲ. ಅವನು ಕೈಯಲ್ಲಿ ಕತ್ತಿ ಹಿಡಿದು ಸಾವಿರ ಕುತ್ತಿಗೆ ಮುಟ್ಟಿದಾನೆ ಸಾರ್. ಒಂದು ಗೀರು ಮಾಡಿಲ್ಲ. ಯುದ್ಧದಲ್ಲಿ ಅಂಥೋನು ಇನ್ನೊಬ್ಬ ಇದ್ದಿದ್ರೆ ತೋರಿಸಿ. ಕ್ಷೌರಿಕ ಅಂತಲೇ ಕೆತ್ತಿ. ಇಲ್ಲ ಅಂದ್ರೆ ಹೋಗಿ ಒದ್ಕೊಳ್ಳಿ, ಎಡಕ್ಕೆ, ಎರಡು ಸಲ."

ಗಡಿಯಾರಪ್ಪ ತನ್ನ ಅಂಗೈ ನೋಡಿಕೊಂಡ. ಸುಲಿದ ಗುರುತು ಇನ್ನೂ ಇತ್ತು. ಜೇಬಿನಿಂದ ಪೆನ್ನು ತೆಗೆದ. ಹದಿನಾರನೆಯ ಸಾಲಿನ ಮೇಲೆ ಗೀಟು ಎಳೆದ.

ಕೆತ್ತಿದರು. ಮೂರನೆಯ ಸಾಲಿನಲ್ಲಿ ಜಾಗವಿರಲಿಲ್ಲ. ಕೊನೆಯ ಸಾಲಿನಲ್ಲಿ ಸಿಕ್ಕಿತು. ಮಗನ ಹೆಸರು, ಅದರ ಮುಂದೆ 'ಕ್ಷೌರಿಕ'. ಹೊಸ ಹಿತ್ತಾಳೆ ಬಿಸಿಲಿಗೆ ಝಗಝಗ ಹೊಳೆಯಿತು. ಕಲ್ಲಜ್ಜಿ ಬಂದು ನೋಡಿದಳು. ಬೆರಳಾಡಿಸಿ ಓದಿಕೊಂಡಳು. ಹಿಂದೆ ಸರಿದು ನಿಂತಳು.

ಮೇಲಿಂದ ಒಂದು ಪಾರಿವಾಳ ಇಳಿಯಿತು. ಅತ್ತಿತ್ತ ನಡೆಯಿತು. ಹೊಸ ಅಕ್ಷರಗಳ ಮೇಲೆ ಕುಳಿತು ತನ್ನ ಕೆಲಸ ಮುಗಿಸಿತು.

ಗಡಿಯಾರಪ್ಪ ಗಾಬರಿಯಿಂದ ಕರವಸ್ತ್ರ ತೆಗೆದು ಮುಂದೆ ಓಡಿದ. ಕಲ್ಲಜ್ಜಿ ಅವನ ತೋಳು ಹಿಡಿದಳು. ಮುಖವೆಲ್ಲ ನಗುವಾಗಿತ್ತು.

"ಇರ್ಲಿ ಬಿಡಿ ಸಾರ್," ಎಂದಳು. "ಈಗ ಅವನೂ ಎಲ್ಲರ ಹಾಗೇ ಆದ."

ಈ ಕಥೆ ಕೇಳಿದವರಿಗೆ ಒಳ್ಳೆಯದಾಗಲಿ. ನಿಂತು ನಿಂತು ಕಾಲು ಸೋತವರಿಗೆ ಕೂರಲು ಕುರ್ಚಿ ಸಿಗಲಿ. ಕುರ್ಚಿಯ ಮೇಲೆ ಚೀಲ ಇಟ್ಟವರಿಗೆ ಅದನ್ನು ಎತ್ತಿಡುವ ಬುದ್ಧಿ ಬರಲಿ. ಬಂದೂಕು ಹಿಡಿದು ಮಡಿದವರಿಗೂ, ಸೌಟು ಹಿಡಿದು ಮಡಿದವರಿಗೂ, ಪೊರಕೆ ಹಿಡಿದು ಮಡಿದವರಿಗೂ, ಕತ್ತಿ ಹಿಡಿದು ಒಂದು ಗೀರೂ ಮಾಡದೆ ಮಡಿದವನಿಗೂ ಒಂದೇ ಶಾಂತಿ ದೊರೆಯಲಿ. ಮಗನನ್ನು ಕಳೆದುಕೊಂಡ ತಾಯಿಗೆ ಅಳಲು ಅಳತೆಯಿಲ್ಲದಷ್ಟು ಸಮಯವಿರಲಿ. ಕೇಳಿದ ಎಲ್ಲರ ಮನೆಗೂ ಮಕ್ಕಳು ಕ್ಷೇಮವಾಗಿ, ಎರಡು ಕೆನ್ನೆಯೂ ನುಣ್ಣಗಾಗಿ, ಹಿಂತಿರುಗಿ ಬರಲಿ.